ಡಾಂಬರು ಹೆಚ್ಚು, ಮಣ್ಣು ಸ್ವಲ್ಪ: ಯಾವ ಟೈರ್ ಹಾಕಿಸೋದು?

ಇವತ್ತಿನ ಮಾತು ಟೈರಿನ ಬಗ್ಗೆ. ಕಾರು ಕೊಳ್ಳುವಾಗ ನಾವು ಬಣ್ಣ ನೋಡ್ತೀವಿ, ಸೀಟು ನೋಡ್ತೀವಿ, ಮೈಲೇಜು ಕೇಳ್ತೀವಿ. ಟೈರ್ ಯಾವುದು ಅಂತ ಕೇಳುವವರು ಕಡಿಮೆ. ನಾನೂ ಕೇಳಿರಲಿಲ್ಲ. ಕೇಳದೇ ಇದ್ದುದಕ್ಕೆ ಎರಡು ಸಲ ತಪ್ಪು ಮಾಡಿದೆ. ಎರಡು ಸಲವೂ ಕಾರಿನಲ್ಲಿ ಅಮ್ಮ ಇದ್ದರು. ಅದಕ್ಕೇ ಈ ಮಾತು.

ನಾನಿರೋದು ಹಲಸೂರಿನಲ್ಲಿ. ಕೆಲಸ ಕೆ.ಆರ್. ಪುರದ ಆಚೆ ಒಂದು ಕಚೇರಿಯಲ್ಲಿ, ಲೆಕ್ಕಪತ್ರ ನೋಡೋದು. ಅಮ್ಮ ಇರೋದು ಚಿಂತಾಮಣಿ ಕಡೆ, ಕೈವಾರ ಕ್ರಾಸಿನಿಂದ ಒಳಗೆ ಹೋಗುವ ಒಂದು ಹಳ್ಳಿಯಲ್ಲಿ. ತಿಂಗಳಿಗೆ ಎರಡು ಸಲ ಹೋಗಿ ಬರ್ತೀನಿ. ಹಳೆ ಮದ್ರಾಸ್ ರಸ್ತೆ ಹಿಡಿದು, ಟಿನ್ ಫ್ಯಾಕ್ಟರಿ ದಾಟಿ, ಕೆ.ಆರ್. ಪುರದ ತೂಗುಸೇತುವೆ ಹತ್ತಿ ಇಳಿದು, ಹೊಸಕೋಟೆಯಲ್ಲಿ ಎಡಕ್ಕೆ ತಿರುಗಿದರೆ ಚಿಂತಾಮಣಿ ರಸ್ತೆ. ಸುಮಾರು 60 ಕಿಲೋಮೀಟರ್ ಡಾಂಬರು. ಕೊನೆಯ ನಾಲ್ಕು ಕಿಲೋಮೀಟರ್ ಮಣ್ಣು. ರಾಗಿ ಹೊಲದ ನಡುವೆ ಒಂದಷ್ಟು ದೂರ ಕೆಮ್ಮಣ್ಣು, ಒಂದು ಕಡೆ ಕ್ರಷರ್ ಲಾರಿಗಳಿಗೆ ಅಂತ ಹಾಸಿದ ಜಲ್ಲಿ, ಆಮೇಲೆ ಕೆರೆ ಏರಿ. ಏರಿ ಇಳಿಯುವ ಜಾಗದಲ್ಲಿ ಕಪ್ಪು ಜೇಡಿ. ಅದೇ ನಮ್ಮ ಕಥೆಯ ಜಾಗ.

ನನ್ನ ಕಾರು 2015ರ ಒಂದು ಸಣ್ಣ ಎಸ್‌ಯುವಿ. ನೋಡೋಕೆ ಎತ್ತರ, ಆದರೆ ಎಳೆಯೋದು ಮುಂದಿನ ಎರಡು ಚಕ್ರ ಮಾತ್ರ. ಫೋರ್ ವೀಲ್ ಡ್ರೈವ್ ಅಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

2022ರ ಮಳೆ ನಿಮಗೆ ನೆನಪಿರಬೇಕು. ಸೆಪ್ಟೆಂಬರ್‌ನಲ್ಲಿ ಬೆಳ್ಳಂದೂರು, ಔಟರ್ ರಿಂಗ್ ರೋಡಿನಲ್ಲಿ ಟ್ರ್ಯಾಕ್ಟರ್ ಮೇಲೆ ಕೂತು ಜನ ಆಫೀಸಿಗೆ ಹೋದ ವರ್ಷ. ಆ ವರ್ಷ ಅಕ್ಟೋಬರಿನ ಒಂದು ರಾತ್ರಿ ನಾನು ಊರಲ್ಲೇ ಇದ್ದೆ. ಹನ್ನೊಂದು ಗಂಟೆಗೆ ಅಮ್ಮನಿಗೆ ಉಸಿರು ಸಿಕ್ಕಿಹಾಕಿಕೊಂಡ ಹಾಗಾಯಿತು. ಎದೆ ಹಿಡಿದುಕೊಂಡು ಕೂತುಬಿಟ್ಟರು. ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಚಿಂತಾಮಣಿಗೆ ಹೊರಟೆ. ಕೆರೆ ಏರಿ ಹತ್ತುವ ಜಾಗಕ್ಕೆ ಬಂದರೆ ಮುಂದಿನ ಚಕ್ರ ಗರಗರ ತಿರುಗುತ್ತಿದೆ, ಕಾರು ಅಲ್ಲಾಡುತ್ತಿಲ್ಲ. ಆಕ್ಸಿಲರೇಟರ್ ಒತ್ತಿದಷ್ಟೂ ಚಕ್ರ ಕೆಳಗೆ ಹೂತುಕೊಂಡಿತು. ಚಿಕ್ಕಪ್ಪನ ಮಗನಿಗೆ ಫೋನ್ ಮಾಡಿ, ಅವನು ಎದ್ದು, ಟ್ರ್ಯಾಕ್ಟರ್ ತಂದು, ಹಗ್ಗ ಕಟ್ಟಿ ಎಳೆಯುವ ಹೊತ್ತಿಗೆ ನಲವತ್ತು ನಿಮಿಷ ಹೋಗಿತ್ತು. ಅಮ್ಮ ಅಷ್ಟು ಹೊತ್ತೂ ಒಂದೇ ಮಾತು: ‘ಏನೂ ಆಗಲ್ಲ ಬಿಡೇ, ನೀನು ಗಾಬರಿ ಆಗಬೇಡ.’ ದೇವರ ದಯೆ, ಏನೂ ಆಗಲಿಲ್ಲ. ಆಸ್ಪತ್ರೆಯಲ್ಲಿ ಎರಡು ದಿನ ಇಟ್ಟುಕೊಂಡು ಕಳಿಸಿದರು.

ಆದರೆ ಆ ನಲವತ್ತು ನಿಮಿಷ ನನ್ನ ತಲೆಯಿಂದ ಹೋಗಲಿಲ್ಲ. ಮುಂದಿನ ತಿಂಗಳೇ ಒಂದು ಟೈರ್ ಅಂಗಡಿಗೆ ಹೋಗಿ, ‘ಕೆಸರಲ್ಲಿ ಹೂತುಕೊಳ್ಳಬಾರದು, ಅಂಥ ಟೈರ್ ಕೊಡಿ’ ಅಂದೆ. ತೋರಿಸಿದರು. ದಪ್ಪ ದಪ್ಪ ಗಡ್ಡೆಗಳಿರುವ, ನಮ್ಮಲ್ಲಿ ಬಟನ್ ಟೈರ್ ಅಂತಾರಲ್ಲ, ಅದು. ನನ್ನ ಅಳತೆಯದು ಅವರಲ್ಲಿ ಇರಲಿಲ್ಲ. ‘ಒಂದು ಸೈಜ್ ದೊಡ್ಡದು ಹಾಕಿ ಮೇಡಂ, ಗಾಡಿ ಎತ್ತರ ಆಗುತ್ತೆ, ಲುಕ್ಕೂ ಬರುತ್ತೆ’ ಅಂದರು. ಹಾಕಿಸಿದೆ. ನಾಲ್ಕು ಟೈರಿಗೆ ಮೂವತ್ತು ಸಾವಿರದ ಮೇಲಾಯಿತು. ಹಳೆಯ ಟೈರುಗಳಲ್ಲಿ ಒಂದನ್ನು ಸ್ಟೆಪ್ನಿಯಾಗಿ ಇಟ್ಟುಕೊಂಡೆ. ಆ ಸ್ಟೆಪ್ನಿಯಿಂದಲೇ ಆಮೇಲೆ ನನ್ನ ಕಣ್ಣು ತೆರೆಯಿತು.

ಬಟನ್ ಟೈರ್ ಹಾಕಿದ ಮೇಲೆ ನಾಲ್ಕು ಕಿಲೋಮೀಟರ್ ಮಣ್ಣು ಲೆಕ್ಕಕ್ಕೇ ಇಲ್ಲ ಅನ್ನಿಸಿತು. ಡಾಂಬರಿನ ಮೇಲೆ ಮಾತ್ರ ಗಿರಣಿ ಒಳಗೆ ಕೂತ ಹಾಗೆ ಸದ್ದು. ಸ್ಟೀರಿಂಗ್ ಪೂರ್ತಿ ತಿರುಗಿಸಿದರೆ ಚಕ್ರ ಒಳಗಡೆ ಎಲ್ಲೋ ಉಜ್ಜುತ್ತಿತ್ತು. ಮಳೆಯಲ್ಲಿ ಬ್ರೇಕ್ ಹಾಕಿದರೆ ಸ್ವಲ್ಪ ಮುಂದೆ ಹೋಗಿ ನಿಲ್ಲುತ್ತಿತ್ತು. ಅದು ನನ್ನ ಡ್ರೈವಿಂಗ್ ದೋಷ ಅಂದುಕೊಂಡೆ.

2024ರ ಏಪ್ರಿಲ್ ಬೆಂಗಳೂರಿನಲ್ಲಿ ಪೂರ್ತಿ ಒಣಗಿಯೇ ಹೋಯಿತು. ಮೇ ತಿಂಗಳಲ್ಲಿ ಮಳೆ ಬಂದಾಗ ಊರೆಲ್ಲ ಖುಷಿಪಟ್ಟಿತು. ಆ ಮೊದಮೊದಲ ಮಳೆಯ ಒಂದು ಸಂಜೆ ಅಮ್ಮನನ್ನು ಕಣ್ಣಿನ ತಪಾಸಣೆಗೆ ಅಂತ ಹಲಸೂರಿಗೆ ಕರೆತರುತ್ತಿದ್ದೆ. ಭಟ್ಟರಹಳ್ಳಿ ಹತ್ತಿರ ಮುಂದಿನ ಆಟೊ ನಿಂತಿತು. ನಾನೂ ಬ್ರೇಕ್ ಹಾಕಿದೆ. ಎಬಿಎಸ್ ಕಾಲ ಕೆಳಗೆ ಟಕಟಕ ಅನ್ನುತ್ತಿದೆ, ಕಾರು ಮಾತ್ರ ಎಣ್ಣೆ ಮೇಲೆ ಹೋಗುವ ಹಾಗೆ ಹೋಗುತ್ತಲೇ ಇದೆ. ಆಟೊದ ಹಿಂಬದಿ ಸೀಟಿನಲ್ಲಿ ಶಾಲೆ ಬ್ಯಾಗಿನ ಇಬ್ಬರು ಮಕ್ಕಳು. ಎಡಕ್ಕೆ ಎಳೆದೆ. ರಸ್ತೆ ಬದಿಯ ಕಲ್ಲಿಗೆ ಬಂಪರ್ ಬಡಿದು ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಅಮ್ಮ ಮಾತ್ರ ಹಲಸೂರು ತಲುಪುವವರೆಗೂ ಮಾತಾಡಲಿಲ್ಲ.

ಮಾರನೇ ದಿನ ನಾನು ಹೋಗಿದ್ದು ಶಿವಾಜಿನಗರಕ್ಕೆ. ಅಲ್ಲಿಯ ಒಂದು ಗಲ್ಲಿಯಲ್ಲಿ ಒಬ್ಬರು ಹಿರಿಯರು, ನಾವೆಲ್ಲ ಚಾಚಾ ಅಂತೀವಿ. ನಮ್ಮಪ್ಪನ ಸ್ಕೂಟರಿಗೆ ಪಂಕ್ಚರ್ ಹಾಕುತ್ತಿದ್ದವರು. ನೀರಿನ ತೊಟ್ಟಿ, ಒಂದು ಕಂಪ್ರೆಸರ್, ಗೋಡೆಗೆ ಒರಗಿಸಿದ ನಾಲ್ಕಾರು ಟೈರು, ಅಷ್ಟೇ ಅಂಗಡಿ. ಕಾರಿನ ಸುತ್ತ ಒಂದು ಸುತ್ತು ಬಂದರು. ‘ಏನಮ್ಮಾ, ಕಾಡಿಗೆ ಹೋಗ್ತೀಯಾ?’ ಅಂದರು. ನಡೆದಿದ್ದೆಲ್ಲ ಹೇಳಿದೆ. ಡಿಕ್ಕಿ ತೆಗೆಸಿ ಸ್ಟೆಪ್ನಿ ಹೊರಗೆ ಎಳೆದರು. ಅದರ ಪಕ್ಕೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಒಂದು ಜಾಗದಲ್ಲಿ ಬೆರಳಿಟ್ಟು, ‘ಓದು’ ಅಂದರು.

ನಾಲ್ಕು ಅಂಕಿ: 2315.

ಕೇಳುಗರೆ, ಇದನ್ನು ದಯವಿಟ್ಟು ಇವತ್ತೇ ನಿಮ್ಮ ಗಾಡಿಯಲ್ಲಿ ನೋಡಿ. ಟೈರಿನ ಪಕ್ಕೆಯಲ್ಲಿ ‘ಡಿಒಟಿ’ ಅನ್ನುವ ಅಕ್ಷರಗಳಿಂದ ಶುರುವಾಗುವ ಒಂದು ಸಾಲು ಸಾಮಾನ್ಯವಾಗಿ ಇರುತ್ತೆ. ಅದರ ಕೊನೆಯ ನಾಲ್ಕು ಅಂಕಿಯೇ ತಯಾರಾದ ದಿನ. ಮೊದಲ ಎರಡು ವಾರ, ಕೊನೆಯ ಎರಡು ವರ್ಷ. 2315 ಅಂದರೆ 2015ನೇ ಇಸವಿಯ 23ನೇ ವಾರ, ಅಂದರೆ ಜೂನ್ ತಿಂಗಳು. ಪೂರ್ತಿ ಅಂಕಿ ಕೆಲವೊಮ್ಮೆ ಒಂದು ಪಕ್ಕದಲ್ಲಿ ಮಾತ್ರ ಇರುತ್ತೆ, ಬಗ್ಗಿ ಒಳಗಡೆಯೂ ನೋಡಬೇಕು. ಕೆರೆ ಏರಿಯಲ್ಲಿ ಕಾರು ಹೂತ ರಾತ್ರಿ ಆ ಟೈರಿಗೆ ಏಳು ವರ್ಷ ದಾಟಿತ್ತು. ಕಾರು ಕಾರ್ಖಾನೆಯಿಂದ ಬಂದಾಗಿನ ಟೈರನ್ನೇ ನಾನು ಓಡಿಸುತ್ತಿದ್ದೆ.

ಆಮೇಲೆ ಚಾಚಾ ಟೈರಿನ ಗೀರುಗಳ ಒಳಗೆ ಉಗುರು ಹಾಕಿ ತೋರಿಸಿದರು. ಗೀರುಗಳ ತಳದಲ್ಲಿ ಅಲ್ಲಲ್ಲಿ ಅಡ್ಡಕ್ಕೆ ಸಣ್ಣ ದಿಣ್ಣೆ ಇರುತ್ತೆ. ಅದಕ್ಕೆ ಟ್ರೆಡ್ ವೇರ್ ಇಂಡಿಕೇಟರ್ ಅಂತಾರೆ. ಅದರ ಎತ್ತರ 1.6 ಮಿಲಿಮೀಟರ್. ಟೈರ್ ಸವೆದು ಆ ದಿಣ್ಣೆಯ ಮಟ್ಟಕ್ಕೆ ಬಂತು ಅಂದರೆ ಕಾನೂನಿನ ಪ್ರಕಾರವೂ ಅದರ ಆಯುಸ್ಸು ಮುಗಿಯಿತು. ನನ್ನ ಸ್ಟೆಪ್ನಿಯಲ್ಲಿ ದಿಣ್ಣೆಯೂ ಗೀರೂ ಒಂದೇ ಮಟ್ಟ.

‘ಗಾಳಿ ಎಷ್ಟು ಇಡ್ತಿದ್ದೆ?’ ಅಂದರು. ಮೈಲೇಜ್ ಬರಲಿ ಅಂತ 36 ಅಂದೆ. ನಕ್ಕರು. ‘ಅಮ್ಮಾ, ಆವತ್ತು ನಿನಗೆ ಕೈಕೊಟ್ಟಿದ್ದು ಟೈರಿನ ಜಾತಿ ಅಲ್ಲ, ಅದರ ವಯಸ್ಸು. ಬೋಳು ಟೈರು, ಕಲ್ಲಿನ ಥರ ಗಾಳಿ. ಜೇಡಿಯಲ್ಲಿ ಯಾವುದು ತಾನೇ ನಿಲ್ಲುತ್ತೆ? ರೋಗ ಒಂದು, ನೀನು ಔಷಧಿ ತಂದಿದ್ದು ಇನ್ನೊಂದಕ್ಕೆ.’

ನನಗೆ ಮಾತೇ ಹೊರಡಲಿಲ್ಲ. ಆ ರಾತ್ರಿಯ ಭಯದಲ್ಲಿ ನಾನು ತಂದ ಔಷಧಿ ಇನ್ನೇನು ಆ ಇಬ್ಬರು ಮಕ್ಕಳ ಮೇಲೆ ಹೋಗುವುದಿತ್ತು.

ಈಗ ಟೈರಿನ ಜಾತಿ ವಿಷಯಕ್ಕೆ ಬರೋಣ. ಎಸ್‌ಯುವಿ, ಜೀಪ್‌ಗಳಿಗೆ ಮುಖ್ಯವಾಗಿ ಮೂರು ಬಗೆ. ಎಚ್/ಟಿ, ಅಂದರೆ ಹೈವೇ ಟೆರೇನ್. ಎ/ಟಿ, ಆಲ್ ಟೆರೇನ್. ಎಂ/ಟಿ, ಮಡ್ ಟೆರೇನ್, ನಮ್ಮ ಬಟನ್ ಟೈರ್.

ಎಚ್/ಟಿಯಲ್ಲಿ ರಬ್ಬರಿನ ಗಟ್ಟೆಗಳು ಹತ್ತಿರ ಹತ್ತಿರ. ಉದ್ದಕ್ಕೆ ನೀರು ಹೊರಗೆ ಹಾಕುವ ಕಾಲುವೆಗಳು. ಗಟ್ಟೆಗಳ ಮೇಲೆ ಕೂದಲೆಳೆಯಂಥ ಸೀಳುಗಳು, ಒದ್ದೆ ರಸ್ತೆಯನ್ನು ಕಚ್ಚಿ ಹಿಡಿಯೋದು ಅವೇ. ಎಂ/ಟಿಯಲ್ಲಿ ಗಟ್ಟೆಗಳು ದೊಡ್ಡವು, ನಡುವೆ ಅಗಲವಾದ ಖಾಲಿ ಜಾಗ. ಕೆಸರಿನಲ್ಲಿ ಆ ಖಾಲಿ ಜಾಗ ಬೇಕು. ಯಾಕೆ ಅಂದರೆ ಸಾದಾ ಟೈರಿನ ಕಿರಿದಾದ ಗೀರಿಗೆ ಜೇಡಿ ಮೆತ್ತಿಕೊಂಡರೆ ಅದು ಬಿಡಲ್ಲ, ಟೈರು ಮಡಕೆಯ ಹಾಗೆ ನುಣ್ಣಗಾಗುತ್ತೆ. ಅಗಲ ಗೀರಾದರೆ ಚಕ್ರ ತಿರುಗಿದಾಗ ಮಣ್ಣನ್ನು ಎಸೆಯುತ್ತೆ. ಆದರೆ ಡಾಂಬರಿನ ಮೇಲೆ ಅದೇ ಗುಣ ದೋಷ. ಒಂದು ಕಾರಿನ ಟೈರು ನೆಲಕ್ಕೆ ತಾಗೋದು ಹೆಚ್ಚುಕಡಿಮೆ ಒಂದು ಅಂಗೈ ಅಗಲ. ಆ ಅಂಗೈಯಲ್ಲೂ ಬಟನ್ ಟೈರಿನದು ಬೆರಳ ತುದಿ ಮಾತ್ರ ಮುಟ್ಟುತ್ತೆ. ಸೀಳುಗಳೂ ಕಡಿಮೆ. ಒಣ ರಸ್ತೆಯಲ್ಲಿ ಹೇಗೋ ನಡೆಯುತ್ತೆ. ತಿಂಗಳುಗಟ್ಟಲೆ ಕೂತ ಎಣ್ಣೆ, ಧೂಳಿನ ಮೇಲೆ ಮೊದಲ ಮಳೆ ಬಿದ್ದಾಗ ನಡೆಯಲ್ಲ. ಭಟ್ಟರಹಳ್ಳಿಯಲ್ಲಿ ಆಗಿದ್ದು ಇದೇ.

ಎ/ಟಿ ಇವೆರಡರ ನಡುವಿನದು. ಆದರೆ ‘ನಡುವೆ’ ಅನ್ನೋದರಲ್ಲೂ ವ್ಯತ್ಯಾಸ ಇದೆ. ಕೆಲವು ಎ/ಟಿಗಳು ರಸ್ತೆ ಕಡೆ ವಾಲಿರುತ್ತವೆ, ಕೆಲವು ಕೆಸರಿನ ಕಡೆ. ಅಂಗಡಿಯಲ್ಲಿ ಎರಡನ್ನೂ ಪಕ್ಕದಲ್ಲಿಟ್ಟು ನೋಡಿ. ನಡುಭಾಗ ತುಂಬಿಕೊಂಡಿದ್ದು, ಸೀಳುಗಳು ಹೆಚ್ಚಿದ್ದರೆ ರಸ್ತೆ ಕಡೆಯದು. ಭುಜದ ಕಡೆ ಬಾಯಿ ತೆರೆದ ಹಾಗೆ ಅಗಲ ಗೀರಿದ್ದರೆ ಮಣ್ಣಿನ ಕಡೆಯದು. ‘ಎಂ+ಎಸ್’ ಅನ್ನುವ ಗುರುತು ನೋಡಿ ಮರುಳಾಗಬೇಡಿ. ಮಡ್ ಆ್ಯಂಡ್ ಸ್ನೋ ಅಂತ ಅದರ ಅರ್ಥ. ಗೀರುಗಳ ವಿನ್ಯಾಸ ನೋಡಿ ತಯಾರಕರೇ ಹಾಕಿಕೊಳ್ಳುವ ಗುರುತು ಅದು. ಕೆಸರಿನಲ್ಲಿ ಓಡಿಸಿ ಪರೀಕ್ಷೆ ಮಾಡಿ ಕೊಟ್ಟ ಸರ್ಟಿಫಿಕೇಟ್ ಅಲ್ಲ.

ಹಾಗಾದರೆ ಯಾವುದು ಹಾಕಿಸೋದು? ಚಾಚಾ ಕೇಳಿದ್ದು ಒಂದೇ ಪ್ರಶ್ನೆ: ‘ತಿಂಗಳಿಗೆ ಎಷ್ಟು ಓಡ್ತೀಯಾ, ಅದರಲ್ಲಿ ಮಣ್ಣು ಎಷ್ಟು?’ ಅರ್ಧಕ್ಕರ್ಧ ಅಂದೆ. ಬಾಯಿಗೆ ಬಂದದ್ದು. ಆಮೇಲೆ ಅಲ್ಲೇ ಸ್ಟೂಲಿನ ಮೇಲೆ ಕೂತು ಲೆಕ್ಕ ಹಾಕಿದೆ. ಆಫೀಸಿಗೆ ದಿನಕ್ಕೆ 24 ಕಿಲೋಮೀಟರ್, 21 ದಿನ, 504. ಊರಿಗೆ ಹೋಗಿ ಬರೋದು 128, ಎರಡು ಸಲ, 256. ಇಂದಿರಾನಗರ, ಶಿವಾಜಿನಗರ ಅಂತ ಇತರ ಓಡಾಟ 140. ಒಟ್ಟು 900. ಅದರಲ್ಲಿ ಮಣ್ಣಿನ ದಾರಿ 16 ಕಿಲೋಮೀಟರ್. ನೂರಕ್ಕೆ ಎರಡೂ ಇಲ್ಲ. ಆ ಹದಿನಾರರಲ್ಲೂ ನಿಜವಾಗಿ ಕೆಸರು ಇರೋದು ವರ್ಷದಲ್ಲಿ ಕೆಲವೇ ವಾರ. ಲೆಕ್ಕ ನೋಡುವ ಕೆಲಸದವಳು ನಾನು, ನನ್ನ ಲೆಕ್ಕವೇ ನನಗೆ ಗೊತ್ತಿರಲಿಲ್ಲ. ನಾಲ್ಕು ಕಿಲೋಮೀಟರಿನ ಭಯ ಮನಸ್ಸಿನಲ್ಲಿ ಅರ್ಧ ರಸ್ತೆ ಆಕ್ರಮಿಸಿತ್ತು.

ಇದರಿಂದ ನಾನು ಮಾಡಿಕೊಂಡ ಸೂತ್ರ ಹೇಳ್ತೀನಿ. ಇದು ನನ್ನ ಅನುಭವದ ಸೂತ್ರ, ವೇದವಾಕ್ಯ ಅಲ್ಲ. ಮಣ್ಣಿನ ಓಡಾಟ ನೂರಕ್ಕೆ ಐದರ ಒಳಗಿದ್ದರೆ ಒಳ್ಳೆಯ ಎಚ್/ಟಿ ಸಾಕು. ಹತ್ತರಿಂದ ಮೂವತ್ತು ಇದ್ದರೆ ರಸ್ತೆ ಕಡೆ ವಾಲಿದ ಎ/ಟಿ. ಅರ್ಧದಷ್ಟು ಹೊಲ, ತೋಟ, ಎಸ್ಟೇಟ್ ಅಂತಿದ್ದರೆ ಪೂರ್ತಿ ಎ/ಟಿ. ಎಂ/ಟಿ ಇರೋದು ಫೋರ್ ವೀಲ್ ಡ್ರೈವ್ ಜೀಪ್ ಇಟ್ಟುಕೊಂಡು ಕೆಸರಿಗೇ ಅಂತ ಹೋಗುವವರಿಗೆ. ಎರಡು ಚಕ್ರ ಮಾತ್ರ ಎಳೆಯುವ ನನ್ನಂಥ ಗಾಡಿಗೆ ಬಟನ್ ಟೈರ್ ಹಾಕೋದು, ಮನೆಯಲ್ಲಿ ಎಮ್ಮೆ ಇಲ್ಲದೆ ಕಣ್ಣಿ ಕೊಂಡ ಹಾಗೆ.

ನನ್ನ ಚಿಕ್ಕಪ್ಪನ ಮಗನ ಕಥೆ ಬೇರೆ. ಅವನು ಟೊಮೆಟೊ ಬೆಳೆಯುತ್ತಾನೆ. ಪಿಕಪ್‌ನಲ್ಲಿ ಕ್ರೇಟುಗಳನ್ನು ಹೊಲದಿಂದ ತುಂಬಿ ಮಾರುಕಟ್ಟೆಗೆ ಒಯ್ಯುತ್ತಾನೆ, ಒಮ್ಮೊಮ್ಮೆ ಕೋಲಾರದ ಎಪಿಎಂಸಿಗೂ. ದಿನವೂ ಹೊಲದ ದಾರಿ, ದಿನವೂ ಭಾರ, ದಿನವೂ ಜಲ್ಲಿ. ಅವನಿಗೆ ಎ/ಟಿ ಬೇಕು, ಅದರಲ್ಲೂ ‘ಎಲ್‌ಟಿ’ ಅಂತ ಬರೆದ, ಪಕ್ಕೆ ಗಟ್ಟಿ ಇರುವ ಟೈರು ಬೇಕು. ಹೊಸದಾಗಿ ಒಡೆದ ಗ್ರಾನೈಟ್ ಜಲ್ಲಿಯ ಅಂಚು ಚಾಕುವಿನ ಹಾಗಿರುತ್ತೆ. ನೆಲಕ್ಕೆ ತಾಗುವ ಭಾಗದಲ್ಲಿ ತೂತಾದರೆ ಪಂಕ್ಚರ್ ಹಾಕಬಹುದು. ಪಕ್ಕೆ ಸೀಳಿದರೆ ಆ ಟೈರು ಗುಜರಿಗೇ. ಅದೇ ಎಲ್‌ಟಿ ಟೈರನ್ನು ನಾನು ಹಾಕಿಕೊಂಡರೆ ಭಾರ ಜಾಸ್ತಿ, ಗಡಸು ಜಾಸ್ತಿ, ಹಳ್ಳ ಸಿಕ್ಕಿದಾಗಲೆಲ್ಲ ಅಮ್ಮನ ಬೆನ್ನಿಗೆ ಪೆಟ್ಟು. ಒಂದೇ ದಾರಿ, ಒಂದೇ ಕೆರೆ ಏರಿ. ಆದರೂ ಅವನ ಟೈರು ನನಗಲ್ಲ, ನನ್ನದು ಅವನಿಗಲ್ಲ. ಚಾಚಾ ಹೇಳಿದ ಹಾಗೆ, ‘ಟೈರ್ ಅಂದ್ರೆ ಚಪ್ಪಲಿ ಥರ ಅಮ್ಮಾ. ಪಕ್ಕದ ಮನೆಯವರದು ಚೆನ್ನಾಗಿದೆ ಅಂತ ಹಾಕ್ಕೊಂಡು ಬರೋಕಾಗುತ್ತಾ?’

ಇನ್ನು ಅಳತೆ. ನನ್ನ ಕಾರಿನ ಅಳತೆ 215/65 ಆರ್16, ಪಕ್ಕದಲ್ಲಿ 98ಎಚ್. ಇದನ್ನು ಓದೋದು ಕಷ್ಟ ಅಲ್ಲ. 215 ಅಂದರೆ ಟೈರಿನ ಅಗಲ, ಮಿಲಿಮೀಟರಿನಲ್ಲಿ. 65 ಅಂದರೆ ಪಕ್ಕೆಯ ಎತ್ತರ ಆ ಅಗಲದ ನೂರಕ್ಕೆ 65 ಭಾಗ, ಸುಮಾರು 140 ಮಿಲಿಮೀಟರ್. ಆರ್ ಅಂದರೆ ರೇಡಿಯಲ್. 16 ಅಂದರೆ ಡಿಸ್ಕ್ 16 ಇಂಚು. 98 ಅನ್ನೋದು ಭಾರದ ಸಂಖ್ಯೆ, ಒಂದು ಟೈರು 750 ಕಿಲೋ ಹೊರಬಲ್ಲದು ಅಂತ. ಎಚ್ ಅಂದರೆ ಗಂಟೆಗೆ 210 ಕಿಲೋಮೀಟರ್ ವೇಗದವರೆಗೆ. ಹೊಸ ಟೈರಿನಲ್ಲಿ ಭಾರದ ಸಂಖ್ಯೆ ಕಂಪನಿ ಹೇಳಿದ್ದಕ್ಕಿಂತ ಕಡಿಮೆ ಇರಲೇಬಾರದು.

ನಾನು ಹಾಕಿಸಿದ ಬಟನ್ ಟೈರ್ 235/70 ಆರ್16. ಲೆಕ್ಕ ಹಾಕಿ ನೋಡಿ: ಮೊದಲಿನ ಚಕ್ರದ ವ್ಯಾಸ 686 ಮಿಲಿಮೀಟರ್, ಹೊಸದು 735. ನೂರಕ್ಕೆ ಏಳು ದೊಡ್ಡದು. ಸ್ಪೀಡೊಮೀಟರ್‌ಗೆ ಇದು ಗೊತ್ತಿಲ್ಲ, ಅದು ಚಕ್ರದ ಸುತ್ತು ಎಣಿಸುತ್ತೆ. ಅಲ್ಲಿ 80 ತೋರಿಸುವಾಗ ಮೊದಲಿಗಿಂತ ನೂರಕ್ಕೆ ಏಳು ಹೆಚ್ಚು ವೇಗದಲ್ಲಿ, ಅಂದರೆ ಸುಮಾರು 86ರಲ್ಲಿ ನಾನಿರುತ್ತಿದ್ದೆ. ಕಿಲೋಮೀಟರ್ ಲೆಕ್ಕವೂ ಹಾಗೇ ಕಡಿಮೆ ಬೀಳುತ್ತಿತ್ತು. ಲೀಟರಿಗೆ 13 ಕೊಡುತ್ತಿದ್ದ ಗಾಡಿ 11 ಕೊಡುತ್ತಿದೆ ಅಂತ ಕೊರಗುತ್ತಿದ್ದೆನಲ್ಲ, ತಿದ್ದಿ ನೋಡಿದರೆ 11.8. ಉಳಿದ ನಷ್ಟ ಮಾತ್ರ ನಿಜ: ಭಾರದ ಟೈರು ಉರುಳಿಸೋಕೆ ಎಂಜಿನ್ ಹೆಚ್ಚು ದುಡಿಯುತ್ತೆ. ವ್ಯಾಸದಲ್ಲಿ ನೂರಕ್ಕೆ ಮೂರರ ಮೇಲೆ ವ್ಯತ್ಯಾಸ ಬೇಡ ಅನ್ನೋದು ಟೈರ್ ಕೆಲಸದವರ ರೂಢಿ ಮಾತು. ಸರಿಯಾದ ದಾರಿ ಅಂದರೆ ಬಾಗಿಲಿನ ಪಕ್ಕದ ಸ್ಟಿಕರ್‌ನಲ್ಲಿ ಬರೆದ ಅಳತೆಯನ್ನೇ ಹಾಕಿಸೋದು.

ಇನ್ನೊಂದು ಮಾತು. ದೊಡ್ಡ ಅಲಾಯ್ ಹಾಕಿಸಿ, ಪಕ್ಕೆ ತೆಳುವಾದ ಟೈರ್ ಹಾಕಿಸೋದು ಇಂದಿರಾನಗರ 100 ಅಡಿ ರಸ್ತೆಯಲ್ಲಿ ನಿಲ್ಲಿಸಿದಾಗ ಚೆಂದ. ನಮ್ಮ ಗುಂಡಿಗಳಿಗೆ, ಹಳ್ಳಿ ದಾರಿಗೆ ಎತ್ತರದ ಪಕ್ಕೆಯೇ ಮೇಲು. ಗುಂಡಿಗೆ ಬಿದ್ದಾಗ ಆ ಪಕ್ಕೆಯ ಗಾಳಿಯೇ ಪೆಟ್ಟು ತಿನ್ನೋದು. 1888ರಲ್ಲಿ ಬೆಲ್‌ಫಾಸ್ಟ್‌ನಲ್ಲಿ ಜಾನ್ ಬಾಯ್ಡ್ ಡನ್‌ಲಪ್ ಗಾಳಿ ಟೈರ್ ಮಾಡಿದ್ದೂ ಮಗನ ಮೂರು ಚಕ್ರದ ಸೈಕಲ್ ಕುಲುಕಾಡಬಾರದು ಅಂತಲೇ. ಹೊರಗಿನ ರಬ್ಬರು ಎಷ್ಟೇ ಬದಲಾದರೂ ಭಾರ ಹೊರೋದು ಇವತ್ತಿಗೂ ಒಳಗಿನ ಗಾಳಿ.

ಅದಕ್ಕೇ ಗಾಳಿಯ ವಿಷಯ. ಎಷ್ಟು ಇರಬೇಕು ಅನ್ನೋದು ಅದೇ ಬಾಗಿಲಿನ ಸ್ಟಿಕರ್‌ನಲ್ಲಿದೆ. ಬೆಳಿಗ್ಗೆ ಟೈರು ತಣ್ಣಗಿರುವಾಗ ನೋಡಬೇಕು, ಓಡಿ ಬಿಸಿಯಾದ ಮೇಲೆ ಅಂಕಿ ಏರುತ್ತೆ. ಮಣ್ಣಿನ ದಾರಿಗೆ ಇಳಿಯುವಾಗ ಗಾಳಿ ಸ್ವಲ್ಪ ಬಿಟ್ಟರೆ ಟೈರು ಅಗಲವಾಗಿ ಕೂರುತ್ತೆ, ಹಿಡಿತ ಬರುತ್ತೆ. ನನ್ನ ಗಾಡಿಗೆ 33 ಪಿಎಸ್‌ಐ. ಕೆಸರು ಇದ್ದರೆ 26ಕ್ಕೆ ಇಳಿಸ್ತೀನಿ, ನಿಧಾನ ಹೋಗ್ತೀನಿ. ಡಾಂಬರು ಬಂದ ತಕ್ಷಣ ಮತ್ತೆ 33. ಇದನ್ನು ಮರೆಯೋದು ಅಪಾಯ. ಕಡಿಮೆ ಗಾಳಿಯಲ್ಲಿ ಹೆದ್ದಾರಿ ವೇಗದಲ್ಲಿ ಹೋದರೆ ಪಕ್ಕೆ ಬಿಸಿಯಾಗಿ ಟೈರು ಸಿಡಿಯಬಹುದು. ಮಳೆ ನೀರಿನ ಮೇಲೆ ಟೈರು ತೇಲೋದೂ ಬೇಗ. ಸಿಗರೇಟ್ ಲೈಟರ್ ಸಾಕೆಟ್‌ಗೆ ಹಾಕುವ ಒಂದು ಸಣ್ಣ ಕಂಪ್ರೆಸರ್, ಒಂದು ಗೇಜ್, ಎರಡು ಗೋಣಿ ಚೀಲ, ಒಂದು ಗುದ್ದಲಿ. ಇವಿಷ್ಟು ಈಗ ನನ್ನ ಡಿಕ್ಕಿಯಲ್ಲಿವೆ. ಚಕ್ರ ಹೂತರೆ ಆಕ್ಸಿಲರೇಟರ್ ಒತ್ತಬೇಡಿ. ಇಳಿದು ಮುಂದಿನ ಮಣ್ಣು ಕೆದಕಿ, ಎಳೆಯುವ ಚಕ್ರದ ಕೆಳಗೆ ಗೋಣಿ ತುರುಕಿ, ಎರಡನೇ ಗೇರಿನಲ್ಲಿ ಮೆಲ್ಲಗೆ ಎತ್ತಿ. ಆ ರಾತ್ರಿ ನನ್ನ ಹತ್ತಿರ ಎರಡು ಗೋಣಿ ಇದ್ದಿದ್ದರೆ ಅಂತ ಈಗಲೂ ಅಂದುಕೊಳ್ತೀನಿ.

ಕೊಳ್ಳುವಾಗ ನೋಡಬೇಕಾದ್ದು ಇನ್ನಷ್ಟು. ಐಎಸ್‌ಐ ಗುರುತು ಇರಲಿ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ 2022ರಲ್ಲಿ ತಂದ ನಿಯಮದ ಪ್ರಕಾರ ಟೈರುಗಳು ಮೂರು ಪರೀಕ್ಷೆ ಪಾಸಾಗಬೇಕು: ಉರುಳುವಾಗಿನ ಪ್ರತಿರೋಧ, ಒದ್ದೆ ರಸ್ತೆಯ ಹಿಡಿತ, ಸದ್ದು. ಹೊಸ ವಿನ್ಯಾಸಗಳಿಗೆ 2022ರ ಅಕ್ಟೋಬರ್ 1ರಿಂದ, ಮೊದಲಿನಿಂದ ತಯಾರಾಗುತ್ತಿದ್ದವಕ್ಕೆ 2023ರಿಂದ ಅದು ಅನ್ವಯ. ಎಐಎಸ್-142 ಅಂತ ಆ ಮಾನದಂಡದ ಹೆಸರು. ಅಂಗಡಿಯಲ್ಲಿ ಕೇಳಿ. ಕೇಳಿದರೆ ತಪ್ಪೇನಿಲ್ಲ, ದುಡ್ಡು ನಮ್ಮದು. ತಯಾರಾದ ವಾರ, ವರ್ಷ ನೀವೇ ಓದಿ, ಗೋದಾಮಿನಲ್ಲಿ ಎರಡು ಮೂರು ವರ್ಷ ಕೂತ ಮಾಲು ಬೇಡ. ಐದು ವರ್ಷ ದಾಟಿದ ಟೈರನ್ನು ವರ್ಷಕ್ಕೊಮ್ಮೆ ತಿಳಿದವರಿಗೆ ತೋರಿಸಿ. ಗೀರು ಎಷ್ಟೇ ಉಳಿದಿದ್ದರೂ ರಬ್ಬರು ಗಡಸಾಗಿ ಬಿರುಕು ಬಿಟ್ಟಿರಬಹುದು. ಮಳೆಗಾಲದಲ್ಲಿ 1.6 ಮಿಲಿಮೀಟರಿಗೆ ಬರುವವರೆಗೂ ಕಾಯಬೇಡಿ, 3 ಮಿಲಿಮೀಟರಿಗೇ ಬದಲಿಸಿ. ಪಕ್ಕೆಯಲ್ಲಿ ಉಬ್ಬು ಕಂಡರೆ ಅವತ್ತೇ ತೆಗೆಸಿ.

ದುಡ್ಡು ಸಾಲದೆ ಎರಡೇ ಹೊಸ ಟೈರ್ ಹಾಕಿಸುವುದಾದರೆ ಅವನ್ನು ಹಿಂದಕ್ಕೆ ಹಾಕಿಸಿ. ಮುಂದಿನ ಚಕ್ರ ಎಳೆಯುವ ಗಾಡಿಯಾದರೂ ಹಿಂದಕ್ಕೇ. ಕೇಳೋಕೆ ವಿಚಿತ್ರ ಅನ್ನಿಸುತ್ತೆ. ಮುಂದಿನದು ಜಾರಿದರೆ ಗಾಡಿ ನೇರ ಹೋಗುತ್ತೆ, ವೇಗ ಇಳಿಸಿದರೆ ಹಿಡಿತ ಸಿಗಬಹುದು. ಹಿಂದಿನದು ಜಾರಿದರೆ ಗಾಡಿ ಗಿರ್ರನೆ ತಿರುಗಿಬಿಡುತ್ತೆ, ಆಗ ನಮ್ಮ ಕೈಯಲ್ಲಿ ಏನೂ ಇರಲ್ಲ. ಎರಡು ಎ/ಟಿ, ಎರಡು ಎಚ್/ಟಿ ಅಂತ ಬೆರೆಸೋದೂ ಬೇಡ.

ನಾನು ಕೊನೆಗೆ ಹಾಕಿಸಿದ್ದು ನನ್ನ ಹಳೆಯ ಅಳತೆಯ, ಒಳ್ಳೆಯ ಎಚ್/ಟಿ ಟೈರು. ನಾಲ್ಕು, ಜೊತೆಗೆ ಸ್ಟೆಪ್ನಿಗೂ ಒಂದು. ಬಟನ್ ಟೈರುಗಳು ಅರ್ಧ ಬೆಲೆಗೂ ಹೋಗಲಿಲ್ಲ. ಆ ದುಡ್ಡು ಹೋಯಿತು ಅನ್ನೋದನ್ನು ನನ್ನ ಲೆಕ್ಕದ ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ.

ಮುಂದೆ ಏನಾಯಿತು ಅಂತ ಹೇಳಿ ಮುಗಿಸ್ತೀನಿ. 2024ರ ಅಕ್ಟೋಬರ್‌ನಲ್ಲಿ ಬೆಂಗಳೂರಿನಲ್ಲಿ ಮತ್ತೆ ಜೋರು ಮಳೆ. ಊರ ಕಡೆಯೂ ಅಷ್ಟೇ. ಅಮ್ಮನನ್ನು ಡಾಕ್ಟರ್ ಹತ್ತಿರ ಕರೆದೊಯ್ಯುವ ದಿನ ಇತ್ತು. ಕೆರೆ ಏರಿಯ ಹತ್ತಿರ ಕಾರು ನಿಲ್ಲಿಸಿ, ಇಳಿದು, ಚಪ್ಪಲಿ ಬಿಟ್ಟು ಜೇಡಿಗೆ ಕಾಲಿಟ್ಟೆ. ಹಿಮ್ಮಡಿ ಪೂರ್ತಿ ಮುಳುಗಿತು. ವಾಪಸ್ ಬಂದು ಡಾಂಬರು ಮುಗಿಯುವ ಜಾಗದಲ್ಲಿ, ಹಾಲಿನ ಡೇರಿ ಮುಂದೆ ಕಾರು ನಿಲ್ಲಿಸಿ ತಮ್ಮನಿಗೆ ಫೋನ್ ಮಾಡಿದೆ. ಅವನು ಅಮ್ಮನನ್ನು ಟ್ರ್ಯಾಕ್ಟರಿನಲ್ಲಿ ಕೂರಿಸಿಕೊಂಡು, ಮೇಲೆ ಟಾರ್ಪಾಲ್ ಹಿಡಿದುಕೊಂಡು ಕರೆತಂದ. ಹತ್ತು ನಿಮಿಷ ಆಯಿತು. ಅಮ್ಮ ಕಾರು ಹತ್ತಿ, ಸೆರಗಿನಿಂದ ಮುಖ ಒರೆಸಿಕೊಂಡು ಕೇಳಿದರು: ‘ಹೊಸ ಟೈರ್ ಹಾಕ್ಸಿದೀನಿ ಅಂದೆ, ಇಲ್ಲೇ ನಿಂತಿದೀಯಲ್ಲೇ?’

ಹೌದಮ್ಮ ಅಂದೆ. ಗಾಳಿ 33 ಇತ್ತು. ಹೊಸಕೋಟೆವರೆಗೂ ಮಳೆ ಸುರಿಯಿತು. ಭಟ್ಟರಹಳ್ಳಿಯಲ್ಲಿ ಸಿಗ್ನಲ್ ಬಿತ್ತು, ಬ್ರೇಕ್ ಹಾಕಿದೆ, ಕಾರು ನಿಂತಿತು. ಅಮ್ಮ ಹಿಂದೆ ನಿದ್ದೆಯಲ್ಲಿದ್ದರು, ಎಚ್ಚರ ಆಗಲಿಲ್ಲ.

ಇವತ್ತು ಮನೆಗೆ ಹೋದ ಮೇಲೆ ಒಂದು ಕೆಲಸ ಮಾಡಿ. ಟಾರ್ಚ್ ಹಿಡಿದು ನಿಮ್ಮ ಗಾಡಿಯ ನಾಲ್ಕೂ ಟೈರಿನ, ಸ್ಟೆಪ್ನಿಯ ಆ ನಾಲ್ಕು ಅಂಕಿ ಓದಿ. ಮತ್ತೊಂದು ಸಂಚಿಕೆಯಲ್ಲಿ ಸಿಗೋಣ. ಅಲ್ಲಿಯವರೆಗೂ ನಿಧಾನವಾಗಿ ಓಡಿಸಿ. ನಮಸ್ಕಾರ.